ಚಿಕ್ಕಮ್ಮನ ಕತೆಗೆ ನಾನು ಹೂಂ ಅನ್ನಲಿಲ್ಲ

ಚಿಕ್ಕಮ್ಮನ ಕತೆ ನಿಲ್ಲಿಸಿದ್ದು ನಾನು. ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಶಾಲೆ ಬಿಟ್ಟ ಮೇಲೆ ನಾನೂ ಕೊಬ್ಬರಿ ಚಿಪ್ಪು ಬಿಡಿಸುವ ಕೆಲಸಕ್ಕೆ ಹೋಗುತ್ತೇನೆ. ಇವತ್ತು ಕೊಬ್ಬರಿಯ ವಾಸನೆಗೆ ಅವಳು ನೆನಪಾದಳು.

ಗಂಡನ ಹೊಡೆತ ತಾಳದೆ ಗಂಡಸಿ ಊರಿನ ನಮ್ಮ ಮನೆಗೆ ಬಂದಿದ್ದ ಅವಳು, ಚಿಪ್ಪು ಬಿಡಿಸುತ್ತಾ ಕತೆ ಹೇಳುತ್ತಿದ್ದಳು. ನಾನು ಹೂಂಗುಟ್ಟದಿದ್ದರೆ ಮುಂದಕ್ಕೆ ಹೇಳುತ್ತಿರಲಿಲ್ಲ. ಅದೇ ಕತೆಯನ್ನು ಅಜ್ಜಿ ಹೇಳುವಾಗ ರಾಜಕುಮಾರಿ ಸೇವೆ ಮಾಡಿ ಮಾಡಿ ರಾಕ್ಷಸ ಗಂಡನನ್ನು ಮನುಷ್ಯನನ್ನಾಗಿಸುತ್ತಿದ್ದಳು. ಒಂದು ಮಧ್ಯಾಹ್ನ, ಅಜ್ಜಿಯೂ ಅಲ್ಲೇ ಕೂತಿರುವಾಗ, ಚಿಕ್ಕಮ್ಮನ ರಾಜಕುಮಾರಿ ಗಂಡನನ್ನು ಬಿಟ್ಟು ಹೋಗಲು ಬಾಗಿಲು ತೆಗೆದಳು.

"ಎಲ್ಲಿಗೋಯ್ತಾಳಂತೆ ಅವ್ಳು? ನೀನು ನಾಳೆ ಕಣಕಟ್ಟೆಗೆ ಹೊರಡು, ಗಂಡನ್ ಮನೆಗೆ" ಅಂದಳು ಅಜ್ಜಿ.

ಚಿಕ್ಕಮ್ಮ ನನ್ನ ಕಡೆ ತಿರುಗಿದಳು. "ಹೂಂ ಅನ್ನೇ ಪುಟ್ಟಿ, ಅವ್ಳಿನ್ನೂ ಬಾಗ್ಲಲ್ಲೇ ನಿಂತವ್ಳೆ."

ಅಜ್ಜಿಯ ಮುಖ ನೋಡಿ ನಾನು ಬಾಯಿ ಬಿಡಲಿಲ್ಲ. ಚಿಕ್ಕಮ್ಮನಿಂದ ನಾನು ಕೇಳಿದ ಕೊನೆಯ ಕತೆ ಅದು. ಮರುದಿನ ಬೆಳಿಗ್ಗೆ ಅವಳು ಕಣಕಟ್ಟೆಗೆ ಹೊರಟಳು.