ಸಿಳ್ಳೆ ಅತ್ತೆಯ ಹೊಸ ಹಲ್ಲು

ನನ್ನ ಅಪ್ಪನ ತಂಗಿಗೆ ಮನೆಯಲ್ಲಿ ಸಿಳ್ಳೆ ಅಂತಲೇ ಹೆಸರು. ಅಜ್ಜಿ ಬೈಯಲೆಂದು ಇಟ್ಟದ್ದು. ಅತ್ತೆ ಅದನ್ನು ಬಿರುದಿನ ಹಾಗೆ ಇಟ್ಟುಕೊಂಡಳು. ಲಾಂಡ್ರಿಯೊಂದರಲ್ಲಿ ಇಸ್ತ್ರಿ ಮಾಡುವುದು ಅವಳ ಕೆಲಸ. ಕೈ ಬಟ್ಟೆಯ ಮೇಲೆ ಓಡಾಡುತ್ತಿದ್ದರೆ ಬಾಯಿ ತನ್ನ ಪಾಡಿಗೆ ರಾಗ ಕಟ್ಟುತ್ತಿತ್ತು. ಹಾಸಿಗೆಯ ಹೊದಿಕೆಗೆ ನಿಧಾನದ್ದು, ಅಂಗಿಯ ತೋಳಿಗೆ ಚುರುಕಿನದು. ಯಾರೂ ಹಾಡಿರದ, ಯಾವ ಸಿನಿಮಾದಲ್ಲೂ ಬಂದಿರದ, ಪೂರಾ ಅವಳವೇ ಆದ ರಾಗಗಳು.

ಒಂದು ಭಾನುವಾರ ನಮ್ಮ ಮನೆಗೆ ಬಂದವಳೇ ಫೋನನ್ನು ನನ್ನ ಮಡಿಲಿಗೆ ಹಾಕಿದಳು.

"ನಂಗೊಂದು ಚಾನೆಲ್ ಮಾಡ್ಕೊಡೇ. ಬೆಕ್ಕುಗಳಿಗೆಲ್ಲ ಚಾನೆಲ್ ಇದೆ. ನಾನೇನು ಬೆಕ್ಕಿಗಿಂತ ಕಡಿಮೇನಾ?"

ಮಾಡಿಕೊಟ್ಟೆ. ಹೆಸರು ಏನಿಡಲಿ ಅಂದರೆ, "ಇರೋದೇ ಇಡು, ಸಿಳ್ಳೆ ಅತ್ತೆ" ಅಂದಳು.

ಕ್ಯಾಮೆರಾ ಹಿಡಿಯುವ ಜವಾಬ್ದಾರಿ ಮಾವನ ಹೆಗಲಿಗೆ ಬಿತ್ತು. ಮಾವ ಶಾಲೆಯ ವ್ಯಾನ್ ಓಡಿಸುವವರು. ಬಾಯಿ ತುಂಬ ಮಾತು, ಎದೆ ತುಂಬ ಗೊರಗೊರ. ಪ್ರತಿಧ್ವನಿ ಚೆನ್ನಾಗಿರುತ್ತದೆಂದು ಮೊದಲ ವಿಡಿಯೋಗಳನ್ನು ಬಚ್ಚಲುಮನೆಯಲ್ಲಿ ಮಾಡಿದರು. ಅತ್ತೆ ಮದುವೆಗೆ ಹೊರಟವಳ ಹಾಗೆ ಸಿಂಗರಿಸಿಕೊಂಡು ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತಿದ್ದಳು.

"ರೀ, ಉಸಿರಾಡ್ಬೇಡಿ, ನಿಮ್ಮ ಗೊರಗೊರ ಕೇಳ್ಸುತ್ತೆ."

"ಉಸಿರಾಡ್ದೆ ಹೆಂಗೇ ಇರ್ಲಿ?"

"ರಾಗ ಮುಗಿಯೋ ತನಕ ತಡ್ಕೊಳ್ಳಿ. ಆಮೇಲೆ ಎಷ್ಟು ಬೇಕಾದ್ರೂ ಆಡಿ."

ನೋಡಿದವರು ನಾವು ಮನೆಮಂದಿ ಮಾತ್ರ. ಹೊರಗಿನ ಒಬ್ಬ ಪುಣ್ಯಾತ್ಮ ಬಂದು, "ಕುಕ್ಕರ್ ಆಫ್ ಮಾಡಿ" ಎಂದು ಬರೆದು ಹೋದ. ನನಗೆ ಮೈ ಉರಿಯಿತು. ಅತ್ತೆ, "ಆಯ್ತಪ್ಪ, ಅನ್ನ ಆಗ್ಲಿ, ನಿನ್ನನ್ನೂ ಕರೀತೀನಿ" ಎಂದು ಉತ್ತರ ಬರೆಸಿದಳು. ಅವನು ಆಮೇಲೆ ಒಂದೂ ವಿಡಿಯೋ ಬಿಡದೆ ನೋಡತೊಡಗಿದ.

ಬದಲಾದದ್ದು ಬಚ್ಚಲು ಬಿಟ್ಟು ಲಾಂಡ್ರಿಗೆ ಬಂದ ಮೇಲೆ. ಅಲ್ಲಿ ಹಬೆಯ ಇಸ್ತ್ರಿಪೆಟ್ಟಿಗೆ ಉಸ್ಸೆಂದು ತಾಳ ಹಾಕುತ್ತಿತ್ತು. ಅತ್ತೆ ದಿನದ ಬಟ್ಟೆಯಲ್ಲೇ, ಕ್ಯಾಮೆರಾ ಕಡೆ ತಿರುಗಿಯೂ ನೋಡದೆ, ಕೈಯಲ್ಲಿ ಕೆಲಸ ಬಾಯಲ್ಲಿ ರಾಗ ನಡೆಸುತ್ತಿದ್ದಳು. ಜನ ಸೇರತೊಡಗಿದರು. ಒಬ್ಬ ತಾಯಿ, "ಹೊದಿಕೆಯ ರಾಗ ಹಾಕದಿದ್ದರೆ ನಮ್ಮ ಪಾಪು ಮಲಗುವುದಿಲ್ಲ" ಎಂದು ಬರೆದಳು. ಇಸ್ತ್ರಿ ಕಾಯುವಷ್ಟು ಹೊತ್ತು ಅತ್ತೆ ಒಬ್ಬೊಬ್ಬರಿಗೂ ಉತ್ತರಿಸುತ್ತಿದ್ದಳು, ಎದುರಿಗೇ ನಿಂತವರ ಹತ್ತಿರ ಮಾತಾಡುವ ಹಾಗೆ.

ಅಷ್ಟರಲ್ಲಿ ಅವಳ ವಸಡು ಕೆಟ್ಟಿತು. ಮುಂದಿನ ಹಲ್ಲುಗಳು ಅಲ್ಲಾಡತೊಡಗಿದವು. ಹಲ್ಲಿನ ಡಾಕ್ಟರು ನೋಡಿ, ಕೀಳದೆ ಬೇರೆ ದಾರಿಯಿಲ್ಲ ಎಂದರು. "ಕಟ್ಟಿಸಿದ ಮೇಲೆ ಊಟ ಮಾಡಬಹುದು, ಮಾತಾಡಬಹುದು, ನಗಬಹುದು."

"ಸಿಳ್ಳೆ?"

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ಸುಳ್ಳು ಹೇಳಲ್ಲ ಅಮ್ಮ. ಸಿಳ್ಳೆ ಹಾಕೋರ ಹಲ್ಲು ನಾನು ಯಾವತ್ತೂ ಕಿತ್ತಿಲ್ಲ."

ಕಡಲೆ ಇದ್ದಾಗ ಹಲ್ಲಿಲ್ಲ ಅನ್ನುವ ಗಾದೆಯನ್ನು ಯಾರೂ ಅವಳ ಮುಂದೆ ಆಡಲಿಲ್ಲ. ಅವಳೇ ಆಡಿ ನಕ್ಕಳು. ಹೊಸ ಹಲ್ಲು ಕೂತ ದಿನ ತುಟಿ ಮುಂದೆ ಮಾಡಿ ಊದಿದರೆ ಬಂದದ್ದು ಬರೀ ಗಾಳಿ. ಫೂ. ಬಿಸಿ ಹಾಲು ಆರಿಸಿದ ಹಾಗೆ. ಆಮೇಲೆ ಅವಳು ನಗಲಿಲ್ಲ. ಲಾಂಡ್ರಿಯಲ್ಲಿ ಇಸ್ತ್ರಿಯೊಂದೇ ಉಸ್ ಎನ್ನುತ್ತಿತ್ತು. ಚಾನೆಲ್ಲಿನಲ್ಲಿ, "ಅತ್ತೆ ಎಲ್ಲಿ? ಹುಷಾರಾಗಿದ್ದಾರಾ?" ಎಂದು ಜನ ಕೇಳುತ್ತಲೇ ಇದ್ದರು.

"ಹಳೇ ರೆಕಾರ್ಡಿಂಗ್ ಬೇಕಾದಷ್ಟಿವೆ, ಅತ್ತೆ. ಒಂದೊಂದೇ ಹಾಕ್ತಾ ಹೋಗೋಣ, ಯಾರಿಗೂ ಗೊತ್ತಾಗಲ್ಲ" ಅಂದೆ.

"ನಂಗೆ ಗೊತ್ತಾಗುತ್ತಲ್ಲೇ" ಅಂದಳು. "ಹುಷಾರಾಗಿದ್ದೀರಾ ಅಂತ ಕೇಳೋ ಜನಕ್ಕೆ ಟೋಪಿ ಹಾಕ್ಲಾ?"

ಮಾರನೆಯ ಬೆಳಿಗ್ಗೆ ಲಾಂಡ್ರಿಯಲ್ಲಿ ಮಾವನ ಕೈಗೆ ಫೋನು ಕೊಟ್ಟು, ಮುಖವನ್ನು ಹತ್ತಿರ ತಂದು, ಹಲ್ಲಿನ ಸೆಟ್ಟನ್ನು ಬಾಯಿಂದ ತೆಗೆದು ತೋರಿಸಿದಳು. ಮತ್ತೆ ಹಾಕಿಕೊಂಡು ಊದಿದಳು. ಫೂ. ಕ್ಯಾಮೆರಾ ಹಿಂದಿದ್ದ ಮಾವ ತಡೆಯಲಾರದೆ ಗಹಗಹಿಸಿದರು. ಅತ್ತೆಗೂ ನಗು ಬಂತು. ಫೋನು ಅಲ್ಲಾಡಿ ಛಾವಣಿ, ಕೋಟುಗಳ ಸಾಲು, ಮಾವನ ಚಪ್ಪಲಿ ಎಲ್ಲ ಕಾಣಿಸಿತು. ಅದನ್ನೇ ಹಾಗೇ ಹಾಕಿಸಿದಳು. ಅವಳ ಅಷ್ಟೂ ವಿಡಿಯೋಗಳಿಗಿಂತ ಹೆಚ್ಚು ಜನ ಆ ಫೂ ನೋಡಿದರು.

ನೋಡಿದವರಲ್ಲಿ ಒಬ್ಬರು ಬ್ಯಾಂಡಿನಲ್ಲಿ ತುತ್ತೂರಿ ಊದಿ ನಿವೃತ್ತರಾದವರು. ಅವರದೂ ಕಟ್ಟಿಸಿದ ಹಲ್ಲೇ. "ತಂಗೀ, ಹಲ್ಲನ್ನು ಮರೆತುಬಿಡು. ನಾಲಿಗೆಯ ತುದಿಯನ್ನು ಕೆಳಗಿಟ್ಟು ತುಟಿಯಿಂದಲೇ ಶುರುಮಾಡು. ಅಳು ಬರುತ್ತದೆ, ಬರಲಿ" ಎಂದು ಬರೆದರು. ಅತ್ತೆ ದಿನಾ ಊದಿದಳು, ಬಂದದ್ದನ್ನು ಬಂದ ಹಾಗೆ ಹಾಕಿದಳು. ಜನ, "ಇವತ್ತು ಅರ್ಧ ಸ್ವರ ಬಂತು!" ಎಂದು ಮಗು ತೊದಲಿದ ಹಾಗೆ ಸಂಭ್ರಮಿಸಿದರು. ಒಂದು ದಿನ ಕೆಳಗಿನ ಸ್ವರಗಳೆಲ್ಲ ಬಂದವು, ಕೊಂಚ ಒರಟಾಗಿ, ಬೆಚ್ಚಗೆ. ಮೇಲಿನವು ಬರಲಿಲ್ಲ. ಎಷ್ಟು ಎಳೆದರೂ ಬರಲಿಲ್ಲ. ಅವಳು ಇಸ್ತ್ರಿಮೇಜಿನ ಮೇಲೆ ತಲೆಯಿಟ್ಟಳು.

"ಆಫ್ ಮಾಡಿ" ಅಂದಳು.

ಮಾವ ಆಫ್ ಮಾಡಿ ಪಕ್ಕದಲ್ಲಿ ನಿಂತರು. ಆ ದಿನದ್ದೊಂದೇ ಅವಳ ಚಾನೆಲ್ಲಿನಲ್ಲಿ ಇಲ್ಲ.

ಮುಂದೆ ಅವಳು ಕಟ್ಟಿದ್ದೆಲ್ಲ ಕೆಳಗಿನ ಸ್ವರಗಳ ರಾಗಗಳೇ. ಕೇಳುಗರೇ ಸೇರಿ ಒಂದು ವಾಚನಾಲಯದ ಕೋಣೆಯಲ್ಲಿ ಅವಳ ಕಚೇರಿ ಇಟ್ಟುಕೊಂಡರು. ಬಂದವರು ಮಾವನ ವ್ಯಾನಿನಲ್ಲಿ ಹಿಡಿಸುವಷ್ಟು ಮಂದಿ: ಪಾಪುವಿನ ತಾಯಿ, ಕುಕ್ಕರ್ ಮಹಾಶಯ, ಬಗಲಲ್ಲಿ ತುತ್ತೂರಿ ಹಿಡಿದ ಹಿರಿಯರು. ಹೊದಿಕೆಯ ರಾಗ ಬೇಕೆಂದು ಆ ತಾಯಿ ಕೇಳಿದಾಗ ಅತ್ತೆ ತಡವರಿಸಿದಳು. ಅದು ನಡುವೆ ಮೇಲೇರುತ್ತದೆ. "ಹಿಡಿ ತಂಗೀ, ನಾನಿದ್ದೀನಿ" ಎಂದರು ಹಿರಿಯರು. ಏರುವ ಜಾಗ ಬಂದಾಗ ತುತ್ತೂರಿಯ ಬಾಯಿಗೆ ಕರವಸ್ತ್ರ ತುರುಕಿ, ಮೆಲ್ಲಗೆ, ಆ ಸ್ವರವನ್ನು ಅವರು ಎತ್ತಿಕೊಂಡರು. ಅತ್ತೆ ಕೆಳಗೆ ಕಾದಿದ್ದು ಇಳಿಯುವಾಗ ಮತ್ತೆ ಸೇರಿಕೊಂಡಳು.

ಈಗ ಇಬ್ಬರೂ ಆ ರಾಗವನ್ನು ಹಾಗೇ ನುಡಿಸುತ್ತಾರೆ. ತಿಂಗಳಿಗೊಮ್ಮೆ ಹಿರಿಯರು ಲಾಂಡ್ರಿಗೇ ಬರುತ್ತಾರೆ, ಬರುವಾಗ ಇಸ್ತ್ರಿಗೆಂದು ತಮ್ಮ ಹಳೆಯ ಬ್ಯಾಂಡಿನ ಕೋಟನ್ನೂ ತರುತ್ತಾರೆ. ಇವರ ಜೊತೆ ಯಾಕೆ ಇಷ್ಟು ಸ್ನೇಹ, ಎಂದು ಅತ್ತೆಯನ್ನು ಕೇಳಿದೆ. "ಎಲ್ಲರೂ ಕೇಳ್ತಾರೆ, ಇವರು ಮಾತ್ರ ಒಂದು ಸಲವೂ ಹಲ್ಲು ಹೆಂಗಿದೆ ಅಂತ ಕೇಳಿಲ್ಲ ಕಣೇ" ಅಂದಳು.