ಮೀನಿನ ತೊಟ್ಟಿಗೆ ಬಂದ ಅಕ್ಕಸಾಲಿ

ಬೆಳಗಿನ ಆರು ಗಂಟೆ. ಕಿರಂಗೂರಿನ ಪೂಜ ಅವರ ಮನೆಯ ಪಡಸಾಲೆಯಲ್ಲಿ ಮೌನೇಶಾಚಾರಿ ನೆಲಕ್ಕೆ ಕೆನ್ನೆ ತಾಗಿಸಿ ಮಲಗಿದ್ದಾರೆ. ಕಣ್ಣು ಮಾತ್ರ ಮೀನಿನ ತೊಟ್ಟಿಯ ಕೆಳಗಿಟ್ಟ ಬಕೆಟ್ಟಿನ ಮೇಲೆ. ತೊಟ್ಟಿಯ ನೀರು ಆವಿಯಾಗಿ ಇಳಿದರೆ ತೇಲುವ ಸ್ವಿಚ್ಚೊಂದು ಈ ಬಕೆಟ್ಟಿನ ಪಂಪನ್ನು ಓಡಿಸಬೇಕು, ತುಂಬಿದೊಡನೆ ನಿಲ್ಲಿಸಬೇಕು. ಅಷ್ಟೇ ಕೆಲಸ. ಆದರೆ ಎರಡು ತಿಂಗಳಿಂದ ಪಂಪು ಐದೈದು ನಿಮಿಷಕ್ಕೂ ಗುಂಯ್ ಅನ್ನುತ್ತಿದೆ. ಮೌನೇಶ್ ಎರಡು ಸಲ ಸ್ವಿಚ್ಚು ಬದಲಿಸಿದ್ದಾಯಿತು, ಸದ್ದು ನಿಂತಿಲ್ಲ.

ಸದ್ದನ್ನು ಹೇಗೋ ಸಹಿಸಬಹುದಿತ್ತು. ಪೂಜ ಏಂಜಲ್ ಮೀನು ಸಾಕಿ, ಮರಿಗಳನ್ನು ಪಾಂಡವಪುರದ ಅಂಗಡಿಗೆ ಕೊಡುವವರು. ಈ ಎರಡು ತಿಂಗಳಲ್ಲಿ ಎರಡು ಸಲ ಮರಿಗಳಾದವು, ಎರಡು ಸಲವೂ ಈಜಲು ಶುರು ಮಾಡಿದ ದಿನವೇ ಮಾಯವಾದವು. ಈ ಮೀನುಗಳು ಕೆಲವೊಮ್ಮೆ ತಮ್ಮ ಮರಿಯನ್ನೇ ತಿನ್ನುವುದುಂಟು. ಪೂಜ ಅವರ ಅತ್ತೆ ಸರಸಮ್ಮ ತೀರ್ಪು ಕೊಟ್ಟೇಬಿಟ್ಟಿದ್ದಾರೆ: "ಎತ್ತ ಮಕ್ಳನ್ನೇ ತಿಂದೋಳು ನಮ್ಮನೇಲಿ ಬ್ಯಾಡ." ಮೂರನೆಯ ಸಲದ ಮರಿಗಳು ಈಗ ಎಲೆಗೆ ಅಂಟಿಕೊಂಡು ಬಾಲ ಆಡಿಸುತ್ತಿವೆ. ತಾಯಿ ಮೀನನ್ನು ಒಯ್ಯಲು ಅಂಗಡಿಯವರು ಮಧ್ಯಾಹ್ನ ಬರುತ್ತಾರೆ.

ಮೌನೇಶರಿಗೆ ಈ ತೀರ್ಪು ಒಪ್ಪಿಗೆಯಿಲ್ಲ. "ಮೂರ್ ದಿನದಿಂದ ಆ ಎಲೆ ಬುಟ್ಟು ಅಲ್ಲಾಡಿಲ್ಲ ಕಣಮ್ಮ ಅವ್ಳು. ತಿನ್ನೋಳು ಇಂಗೆ ಕಾಯ್ತಾಳಾ?"

ನಲವತ್ತೆಂಟರ ಮೌನೇಶ್ ಶೀಳನೆರೆಯ ಅಕ್ಕಸಾಲಿಗರ ಮನೆಯವರು. ರೆಡಿಮೇಡ್ ಒಡವೆ ಬಂದು ಅವರ ಅಂಗಡಿ ಮುಚ್ಚಿತು. ಗಿರಾಕಿಗಳ ಕಣ್ಣಿಗೆ ಚೆಂದವೆಂದು ಇಟ್ಟಿದ್ದ ಮೀನಿನ ತೊಟ್ಟಿಯೊಂದು ಉಳಿಯಿತು. ಅದನ್ನು ಬಿಚ್ಚಿ ಜೋಡಿಸುತ್ತಲೇ ತೊಟ್ಟಿ ನೋಡಿಕೊಳ್ಳುವ ಈ ಕಸುಬು ಕಲಿತರು. ಇವತ್ತು ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ ಎಪ್ಪತ್ತು ತೊಟ್ಟಿಗಳ ಜವಾಬ್ದಾರಿ. ದಿನಕ್ಕೆ ಆರು ಮನೆ, ಮೊಪೆಡ್ಡಿನಲ್ಲಿ ತೊಂಬತ್ತು ಕಿಲೋಮೀಟರ್. ಮೀನು ಮಿರಮಿರ ಮಿಂಚಿದರೆ ಹೊಗಳಿಕೆ ಯಜಮಾನರಿಗೆ, ಸತ್ತರೆ ಬೈಗುಳ ಆಚಾರಿಗೆ. ಮಕ್ಕಳ ಕಿವಿ ಚುಚ್ಚಲು ಮಾತ್ರ ಜನ ಇಂದಿಗೂ ಅವರನ್ನೇ ಹುಡುಕಿಕೊಂಡು ಬರುತ್ತಾರೆ.

"ಪೂಜಮ್ಮ, ಮೇನ್ ಆಫ್ ಮಾಡವ್ವ. ಕರೆಂಟ್ ಓದಾಗ ಏನಾಯ್ತದೆ ನೋಡಣ."

ಪಂಪು ನಿಲ್ಲುತ್ತದೆ. ಬಕೆಟ್ಟಿನ ನೀರು ಮೆಲ್ಲಗೆ ಏರತೊಡಗುತ್ತದೆ. ಅಯ್ಯೋ, ಪಂಪು ನೀರೇರಿಸುವ ಪೈಪಿನಲ್ಲೇ ತೊಟ್ಟಿಯ ನೀರು ವಾಪಸ್ ಇಳಿಯುತ್ತಿದೆ! ಮೌನೇಶ್ ಪೈಪನ್ನು ಪಂಪಿನಿಂದ ಕಿತ್ತು ಬಿಳಿ ಬಟ್ಟಲಿಗೆ ಹಿಡಿಯುತ್ತಾರೆ. ಬಟ್ಟಲಲ್ಲಿ ರೆಪ್ಪೆಗೂದಲಿನಷ್ಟು ಏನೋ ಮಿಸುಕುತ್ತದೆ. ಎಲೆ ಬಿಟ್ಟು ಈಜಲು ಹೊರಟ ಮೊದಲ ಮರಿ ಅದು.

"ತಾಯಿ ತಿನ್ಲಿಲ್ಲ ಕಣವ್ವ. ತಿಂದಿದ್ದು ನನ್ ಪೈಪು."

ಮೊದಲು ಪೈಪಿನ ತುದಿ ನೀರಿನ ಮೇಲಿತ್ತು. ತೊಟ್ಟಿಕ್ಕುವ ಸದ್ದಿಗೆ ನಿದ್ದೆ ಬರುವುದಿಲ್ಲ ಎಂದು ಸರಸಮ್ಮ ಹೇಳಿದ್ದಕ್ಕೆ, ಎರಡು ತಿಂಗಳ ಹಿಂದೆ ಅದನ್ನು ತಳದವರೆಗೆ ಇಳಿಸಿದವರು ಇದೇ ಮೌನೇಶ್. ಪಂಪು ನಿಂತಾಗಲೆಲ್ಲ ನೀರು ಮರಿಗಳನ್ನು ಎಳೆದುಕೊಂಡು ಕೆಳಗಿಳಿದಿದೆ, ತೊಟ್ಟಿ ಖಾಲಿಯಾಯಿತೆಂದು ಸ್ವಿಚ್ಚು ಮತ್ತೆ ಓಡಿಸಿದ ಪಂಪು ಅವನ್ನು ಅರೆದಿದೆ. ಮೂರನೆಯ ಸ್ವಿಚ್ಚು ಹಾಕಿ ಎದ್ದು ಹೋಗಿದ್ದರೆ ಕೇಳುವವರಿರಲಿಲ್ಲ. ಅವರು ಹಾಗೆ ಮಾಡಲಿಲ್ಲ. "ಸ್ವಿಚ್ಚಿಂದಲ್ಲ, ಮೀನಿಂದೂ ಅಲ್ಲ. ತಪ್ಪು ನಂದೇ," ಅನ್ನುತ್ತಾರೆ.

ಚೀಲದಿಂದ ಕಿವಿ ಚುಚ್ಚುವ ಸೂಜಿ ತೆಗೆದು, ನೀರಿನ ಮಟ್ಟಕ್ಕಿಂತ ಒಂದಂಗುಲ ಮೇಲೆ ಪೈಪಿಗೆ ತೂತು ಹಾಕುತ್ತಾರೆ. ಇನ್ನು ಪಂಪು ನಿಂತರೆ ಅಲ್ಲಿಂದ ಗಾಳಿ ಒಳಹೋಗಿ ನೀರು ಇಳಿಯುವುದು ನಿಲ್ಲುತ್ತದೆ. ಪೈಪು ಜೋಡಿಸಿ ಪಂಪು ಓಡಿಸಿ, ಮತ್ತೆ ಮೇನ್ ಆಫ್ ಮಾಡಿಸಿ ನೋಡುತ್ತಾರೆ. ಬಕೆಟ್ಟಿನ ನೀರು ಅಲ್ಲಾಡುವುದಿಲ್ಲ.

ಬಟ್ಟಲಿನ ಮರಿಯನ್ನು ತೊಟ್ಟಿಗೆ ಬಿಟ್ಟದ್ದೇ ತಡ, ತಾಯಿ ಮೀನು ನುಗ್ಗಿ ಬಂದು ಅದನ್ನು ಬಾಯಿಗೆ ಹಾಕಿಕೊಳ್ಳುತ್ತದೆ.

"ತಿಂದ್ಬುಟ್ಲು! ನಾನ್ ಯೋಳ್ಲಿಲ್ವಾ!" ಸರಸಮ್ಮ ಕೂಗುತ್ತಾರೆ.

ಮೀನು ಎಲೆಯ ಹತ್ತಿರ ಹೋಗಿ ಮರಿಯನ್ನು ಮೆಲ್ಲಗೆ ಉಗುಳಿ ಅಲ್ಲಿಗೆ ಅಂಟಿಸುತ್ತದೆ. ಸರಸಮ್ಮ ಸೆರಗು ಬಾಯಿಗಿಟ್ಟುಕೊಳ್ಳುತ್ತಾರೆ. "ನಮ್ಮವ್ವ, ನಿನ್ನ ಬಾಯಿಗ್ ಬಂದಂಗೆ ಅಂದ್ಬುಟ್ನಲ್ಲಾ!" ಪೂಜ ಆಗಲೇ ಫೋನಿನಲ್ಲಿ, ಅಂಗಡಿಯವರಿಗೆ ಬರಬೇಡಿ ಎನ್ನುತ್ತಿದ್ದಾರೆ.

ಮೌನೇಶ್ ಕಾಫಿಗೂ ನಿಲ್ಲುವುದಿಲ್ಲ. "ಇನ್ನೂ ಒಂಬತ್ ಮನೇಲಿ ಇಂಗೇ ಪೈಪ್ ಇಳಿಸಿವ್ನಿ. ಇವತ್ತೇ ಓಗ್ಬೇಕು."

"ಯಾರೂ ಕರೀದೆ ಓಗಿ ತಪ್ಪು ನಂದು ಅಂತೀಯೇನಪ್ಪ? ನಿನ್ ಎಸ್ರು ಏನಾಗ್ಬೇಕು?" ಸರಸಮ್ಮ ಕೇಳುತ್ತಾರೆ.

"ಎಸ್ರು ಓದ್ರೆ ಓಗ್ಲಿ ಬುಡವ್ವ," ಮೌನೇಶ್ ಮೊಪೆಡ್ ಒದೆಯುತ್ತಾರೆ. "ಅಲ್ಲೂ ಯಾವ್ಳೋ ತಾಯಿ ಸುಮ್‌ಸುಮ್ನೆ ಬೈಸ್ಕತಾ ಇರ್ಬೋದು."