ಸವಳು ನೀರಿನ ಮೀನು

ನವನಗರದ ನಮ್ಮ ಪಡಸಾಲೆಯಲ್ಲಿ ಸಮುದ್ರದ ಮೀನು ಸಾಕಿದ್ದೇನೆ ಎಂದರೆ ಜನ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ತೊಟ್ಟಿ ನೋಡುತ್ತಾರೆ. ಸಮುದ್ರ ಎಲ್ಲಿ, ಬಾಗಲಕೋಟೆ ಎಲ್ಲಿ! ಆದರೆ ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು, ಹಟವೂ ಒಂದು ಕೈ ಜಾಸ್ತಿ. ಫಿಲ್ಟರ್ ನೀರಿಗೆ ಪ್ಯಾಕೆಟ್ಟಿನ ಸಮುದ್ರದ ಉಪ್ಪು ಅಳೆದು ಕರಗಿಸಿ, ಸಮುದ್ರದಿಂದ ಬಂದ ತೂತುತೂತಿನ ಕಲ್ಲು ಜೋಡಿಸಿ, ಕಿತ್ತಳೆ ಮೈಗೆ ಬಿಳಿ ಪಟ್ಟಿಯ ಎರಡು ಮೀನು ತಂದು ಬಿಟ್ಟೆ.

ಮೀನು ನನ್ನವು ಎಂದುಕೊಂಡಿದ್ದೆ. ಹದಿನೈದು ದಿನದಲ್ಲಿ ಅವು ನನ್ನ ಅತ್ತೆಯವಾದವು. ಅತ್ತೆ ಸಂಸಾರ ಮಾಡಿದ ಮನೆ ಹಳೆಯ ಊರಿನ ಜೊತೆ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದೆ. ತೊಟ್ಟಿಯ ಮುಂದೆ ಕುರ್ಚಿ ಎಳೆದುಕೊಂಡು, “ನಮ್ಮ ಅಡಗಿ ಮನ್ಯಾಗೂ ಈಗ ಹಿಂಗ ಮೀನ ಓಡ್ಯಾಡತಿರಬೇಕು ನೋಡು” ಎಂದು ನಗುತ್ತಿದ್ದರು. ಅವರ ಸೀರೆಯ ಸೆರಗು ಕಂಡರೆ ಸಾಕು, ಎರಡೂ ಮೀನು ಗಾಜಿಗೆ ಬಂದು ನಿಲ್ಲುತ್ತಿದ್ದವು. ನನ್ನ ಮೇಲಿನ ಚಾಡಿಯೆಲ್ಲ ಅವಕ್ಕೆ ಹೇಳುತ್ತಿದ್ದರು, ನನಗೆ ಕೇಳಲಿ ಅಂತಲೇ.

ಬೇಸಿಗೆಯ ಒಂದು ಮಧ್ಯಾಹ್ನ ಕರೆಂಟ್ ಹೋಗಿತ್ತು. ಬಿಸಿಲಿಗೆ ಪರದೆ ಎಳೆದಿದ್ದರಿಂದ ಪಡಸಾಲೆ ಕತ್ತಲಾಗಿತ್ತು. ಅತ್ತೆ ಚೀರಿದರು, “ಏ ಯವ್ವಾ, ಲಗೂನ ಬಾ! ನೀರಾಗ ಕಂಬಳಿ ಹುಳಾ ಹೊಕ್ಕೈತಿ!”

“ಕಂಬಳಿ ಹುಳಾ ಗಿಡದಾಗ ಇರತೈತ್ರಿ ಅತ್ತಿ” ಎಂದು ನಗುತ್ತಲೇ ಮೊಬೈಲಿನ ಬೆಳಕು ಬಿಟ್ಟೆ. ಖರೆಯೇ! ಕಲ್ಲಿನ ತೂತಿನಿಂದ ಬೆರಳುದ್ದದ ಗುಲಾಬಿ ಹುಳವೊಂದು ಹೊರಬಂದಿತ್ತು. ಮೈತುಂಬ ಉಂಗುರ, ಎರಡೂ ಬದಿಗೆ ಬಿಳಿ ಕೂದಲಿನ ಕುಚ್ಚು. ಬೆಳಕು ತಾಗಿದ್ದೇ ತಡ, ಸರ್ರನೆ ಒಳಗೆ ಹೋಯಿತು. ಎಷ್ಟೋ ವರ್ಷ ಇಂಥ ಹುಳದ ಚಿತ್ರ ಬೋರ್ಡಿನ ಮೇಲೆ ಬರೆದಿದ್ದೆ, ಜೀವಂತ ಒಂದನ್ನೂ ನೋಡಿರಲಿಲ್ಲ. ನನಗಾದ ಖುಷಿ ಹೇಳತೀರದು. ಅಂದಿನಿಂದ ಶಾಲೆ ಬಿಟ್ಟು ಬಂದವಳೇ, ಕತ್ತಲಿಗೆ ಹುಳ ಹೊರಬರಲೆಂದು ತೊಟ್ಟಿಗೂ ನನ್ನ ತಲೆಗೂ ಸೇರಿಸಿ ಚಾದರ ಹೊದ್ದು ಕೂರತೊಡಗಿದೆ. “ಮೀನಿಗೆ ಥಂಡಿ ಹತ್ತೈತೇನು?” ಎಂದು ನನ್ನ ಗಂಡ ಚೇಷ್ಟೆ ಮಾಡಿದರು.

ತಿಂಗಳು ಕಳೆದಿರಬೇಕು. ಒಂದು ಮುಂಜಾನೆ ಮೀನೊಂದು ತಳದಲ್ಲಿ ಸತ್ತು ಬಿದ್ದಿತ್ತು. ಅದರ ಮೇಲೆ ಐದಾರು ಹುಳ ಮುತ್ತಿದ್ದವು. ಅತ್ತೆ ಗಾಜಿಗೆ ಎರಡೂ ಕೈ ಊರಿ ಬಗ್ಗಿ ನೋಡಿದರು. “ಅಯ್ಯ ಶಿವನ! ತಿಂದ ಬಿಟ್ಟಾವಲ್ಲ!” ಅವತ್ತು ರೊಟ್ಟಿ ಮುಟ್ಟಲಿಲ್ಲ. “ಇನ್ನೊಂದನ್ನರೆ ಉಳಸವಾ” ಎಂದರು, ಅಷ್ಟೇ.

ನನಗೆ ಸಿಟ್ಟು ನೆತ್ತಿಗೇರಿತು. ಪ್ಲಾಸ್ಟಿಕ್ ನಳಿಕೆಯಲ್ಲಿ ಮೀನಿಗೆ ಹಾಕುವ ಕಾಳು ತುಂಬಿಟ್ಟು ಹುಳ ಹಿಡಿದೆ. ಒಮ್ಮೆ ಬರಿಗೈಯಲ್ಲಿ ಮುಟ್ಟಿ ಬೆರಳ ತುಂಬ ಕೂದಲು ಚುಚ್ಚಿಕೊಂಡು, ಉರಿ ತಾಳಲಾರದೆ ಅಂಟುಪಟ್ಟಿ ಹಚ್ಚಿ ಹಚ್ಚಿ ಅವನ್ನು ಕಿತ್ತೆ. ಆ ಸಿಟ್ಟೂ ಸೇರಿತು. ಮೂರು ದಿನದಲ್ಲಿ ಹನ್ನೊಂದು ಹುಳ. ಎಲ್ಲವನ್ನೂ ಮಾಳಿಗೆಯ ಮೇಲೆ ಬಿಸಿಲಿಗೆ ಒಗೆದೆ.

ಆದರೂ ಉಳಿದ ಮೀನು ಕಾಳು ಬಿಟ್ಟಿತು. ಮೂಲೆಯಲ್ಲಿ ನಿಂತು ಏದುಸಿರು ಬಿಡುತ್ತಿತ್ತು. ಈಗಂತೂ ಹತ್ತಿರ ಒಂದು ಹುಳವೂ ಇಲ್ಲ. ಆಗ ನನ್ನ ತಲೆ ಕೆಲಸ ಮಾಡಿತು: ಚಾದರದೊಳಗೆ ಅಷ್ಟು ದಿನ ಕೂತಿದ್ದೆನಲ್ಲ, ಹುಳ ಮೀನಿನ ಮೈ ಮುಟ್ಟಿದ್ದನ್ನು ಒಮ್ಮೆಯಾದರೂ ಕಂಡಿದ್ದೆನೆ? ಇಲ್ಲ. ಅತ್ತೆ ಮೂರು ಹೊತ್ತು ಹಾಕಿ ಉಳಿದ ಕಾಳನ್ನಷ್ಟೇ ಅವು ಹೆಕ್ಕುತ್ತಿದ್ದವು. ಹುಳ ನೋಡುವ ಭರದಲ್ಲಿ ತಿಂಗಳಿಂದ ನೀರನ್ನೇ ಅಳೆದಿರಲಿಲ್ಲ. ಈಗ ಅಳೆದರೆ ಉಪ್ಪು ಎಲ್ಲೋ ಏರಿ ಕೂತಿತ್ತು.

“ಇದಕ್ಕ ಯಾರರೆ ಏನರೆ ಹಾಕೀರೇನ್ರಿ ಅತ್ತಿ?”

“ನೀರ ಇಳದಿರತೈತಲ್ಲ, ದಿನಾ ಮುಂಜಾನೆ ಒಂದ ತಂಬಿಗಿ ಬೋರಿನ ನೀರ ಹಾಕತೇನಿ. ನೀನ ಹೇಳಿದ್ದಿಯಲ್ಲ, ಇವು ಸವಳ ನೀರಿನ ಮೀನ ಅಂತ?”

ಹೇಳಿದ್ದೆ. ತೊಟ್ಟಿ ತಂದ ದಿನ ಎಂಥ ನೀರೆಂದು ಅವರು ಕೇಳಿದಾಗ, ಅವಸರದಲ್ಲಿ ಸವಳು ಎಂದುಬಿಟ್ಟಿದ್ದೆ. ನಮ್ಮ ಕಡೆ ಸವಳು ಎಂದರೆ ಬೇಳೆ ಬೇಯದ, ಸಾಬೂನು ನೊರೆ ಬಾರದ ಬೋರಿನ ನೀರು, ಸಮುದ್ರದ ಉಪ್ಪು ನೀರಲ್ಲ. ಆರಿಹೋಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ; ಬೋರಿನ ಉಪ್ಪೂ ದಿನಾ ಅದಕ್ಕೆ ಕೂಡುತ್ತಿತ್ತು. ಇಳಿದಷ್ಟಕ್ಕೆ ಸಪ್ಪೆ ಫಿಲ್ಟರ್ ನೀರನ್ನೇ ಹಾಕಬೇಕು. ಅದನ್ನು ಗಂಡ ಹಾಕುತ್ತಿದ್ದಾರೆಂದು ನಾನು ಆರಾಮಾಗಿದ್ದೆ. ತಪ್ಪು ಪದ ಬರೆದ ಮಕ್ಕಳ ಅಂಕ ಕತ್ತರಿಸುವ ಟೀಚರು ನಾನು!

ಸುಮ್ಮನಿರಬಹುದಿತ್ತು. ಕಳ್ಳ ಹೇಗೂ ಸಿಕ್ಕಿದ್ದ, ಮಾಳಿಗೆಯ ಮೇಲೆ ಒಣಗುತ್ತಿದ್ದ. ಅತ್ತೆಯ ಜೀವಕ್ಕೂ ಸಮಾಧಾನ. ಆದರೆ ಅವರ ಕೈಯಲ್ಲಿ ಬೋರಿನ ನೀರಿನ ತಂಬಿಗೆ ಇತ್ತು. “ಹುಳಾ ಕೊಂದಿಲ್ಲರಿ. ಸತ್ತದ್ದನ್ನ ತಿಂದು ಸ್ವಚ್ಛ ಮಾಡಾಕ ಬಂದಿದ್ವು. ನೀರು ಕೆಟ್ಟಿತ್ತು. ತಪ್ಪ ಹೇಳಿದಾಕಿ ನಾನ” ಎಂದು ಎಲ್ಲ ಬಿಡಿಸಿ ಹೇಳಿದೆ. ಅತ್ತೆ ತಂಬಿಗೆಯನ್ನು ಕೆಳಗಿಟ್ಟರು.

ನಾಲ್ಕು ದಿನ ಸ್ವಲ್ಪ ಸ್ವಲ್ಪವಾಗಿ ನೀರು ಬದಲಿಸಿದೆ. ಐದನೆಯ ದಿನ ಮೀನು ಮೂಲೆ ಬಿಟ್ಟು ಬಂದು ಒಂದು ಕಾಳು ನುಂಗಿತು. ನನಗೆ ಕಣ್ಣಲ್ಲಿ ನೀರೇ ಬಂತು. ಅತ್ತೆ ಕುರ್ಚಿ ಎಳೆದುಕೊಂಡು ಬಂದು, ಮೀನು ನೋಡುತ್ತ ಕೇಳಿದರು:

“ಅಲ್ಲವಾ, ನಿಂದೂ ತಪ್ಪಾತು, ನಂದೂ ತಪ್ಪಾತು. ನಮಗ ಯಾರೂ ಏನೂ ಅನಲಿಲ್ಲ. ಆ ಹುಳಗೋಳನ್ನ ಯಾಕ ಬಿಸಲಾಗ ಒಗದ್ವಿ?”

ಒಗೆದವಳು ನಾನೊಬ್ಬಳೇ. ಅತ್ತೆ ‘ಒಗದ್ವಿ’ ಅಂದರು.